ಸೂಸ್ ಖಿಂಡ್‌ನ ಕತ್ತಲಿಗೆ ಒಂದು ಸೈಕಲ್ ಲೈಟು

ಪುಣೆಯ ಸೈಕಲ್ ಅಂಗಡಿಯಲ್ಲಿ ಮುಂದಿನ ಲೈಟು ಕೇಳಿದರೆ ಎರಡು ಥರದ್ದು ತಂದು ಮುಂದಿಡುತ್ತಾರೆ. ಒಂದು, ನಾವು ಬೇರೆಯವರಿಗೆ ಕಾಣಲಿ ಅಂತ ಇರೋದು. ಇನ್ನೊಂದು, ರಸ್ತೆ ನಮಗೆ ಕಾಣಲಿ ಅಂತ ಇರೋದು. ಬಾಣೇರ್, ಔಂಧ್ ಒಳಗೆ ಓಡಾಡುವವರಿಗೆ ಮೊದಲನೆಯದು ಸಾಕು. ಉಳಿದ ಕೆಲಸ ಬೀದಿದೀಪ ನೋಡಿಕೊಳ್ಳುತ್ತದೆ. ನನಗೆ ಎರಡನೆಯದೇ ಬೇಕು. ಮನೆ ಸೂಸ್‌ನಲ್ಲಿ, ಕೆಲಸ ಹಿಂಜವಡಿಯಲ್ಲಿ. ಹೈವೇ ಟ್ರಾಫಿಕ್‌ನಲ್ಲಿ ಹೊಗೆ ಕುಡಿಯೋದು ಬೇಡ ಅಂತ ಮಾಣ, ಚಾಂದೆ, ನಾಂದೆ ಸುತ್ತಿಕೊಂಡು ಸೂಸ್ ಖಿಂಡ್ ಅನ್ನುವ ಗುಡ್ಡದ ಕಣಿವೆ ದಾಟಿ ಬರುತ್ತೇನೆ. ಭಾನುವಾರ ಬೆಳಿಗ್ಗೆ ಈ ದಾರಿ ತುಂಬ ಬಣ್ಣಬಣ್ಣದ ಜೆರ್ಸಿ ತೊಟ್ಟ ಸೈಕಲ್ ಮಂದಿ. ಸೆಕೆಂಡ್ ಶಿಫ್ಟ್ ಬಿಟ್ಟ ಮೇಲೆ ಅದೇ ದಾರಿಯಲ್ಲಿ ನಾನು, ನಾಯಿಗಳು, ಮತ್ತೆ ಉದ್ದುದ್ದ ಕತ್ತಲು.

ಆ ಕತ್ತಲಲ್ಲಿ ಬಣ್ಣ ಬಳಿಯದ ಸ್ಪೀಡ್ ಬ್ರೇಕರ್‌ಗಳಿವೆ. ಅರ್ಧ ಅಗಲಕ್ಕೆ ಕಾಂಕ್ರೀಟ್ ಹಾಕಿ ಬಿಟ್ಟ ಕಡೆ ಸ್ಲ್ಯಾಬಿಗೂ ಮಣ್ಣಿಗೂ ನಡುವೆ ನಾಲ್ಕು ಬೆರಳಿನಷ್ಟು ಇಳುಕು ಇದೆ. ಆ ಅಂಚು ರಸ್ತೆಯ ಉದ್ದಕ್ಕೂ ನಮ್ಮ ಜೊತೆಯೇ ಬರುತ್ತದೆ. ಸಣ್ಣ ಟೈರು ಅದಕ್ಕೆ ಸಿಕ್ಕಿದರೆ ಹ್ಯಾಂಡಲ್ ಕೈಯಲ್ಲಿ ಉಳಿಯೋದಿಲ್ಲ. ಎಮ್ಮೆಗಳಿವೆ. ಕಬ್ಬಿನ ಹಂಗಾಮಿನಲ್ಲಿ ಹಿಂದೆ ದೀಪವೂ ಇಲ್ಲದ, ರಿಫ್ಲೆಕ್ಟರೂ ಇಲ್ಲದ ಟ್ರಾಲಿಗಳಿವೆ. ಎಮ್ಮೆಗಾದರೂ ಕಣ್ಣು ಹೊಳೆಯುತ್ತದೆ. ಟ್ರಾಲಿಗೆ ಅದೂ ಇಲ್ಲ.

ಮನೆಯಲ್ಲಿ ಹಳೆಯ ಚೀನಾ ಲೈಟೊಂದು ಬಿದ್ದಿತ್ತು. ದಪ್ಪ ಅಲ್ಯೂಮಿನಿಯಂ ಬಾಡಿ, ಹಿಂದೆ ಶಾಖ ಬಿಡೋಕೆ ರೆಕ್ಕೆಗಳು, ಮುಂದೆ ದುಂಡನೆಯ ರಿಫ್ಲೆಕ್ಟರ್, ವೈರಿನ ಇನ್ನೊಂದು ತುದಿಗೆ ನಾಲ್ಕು ಸೆಲ್ಲಿನ ಬ್ಯಾಟರಿ ಪ್ಯಾಕ್. ಹೋದ ಮಳೆಗಾಲದಲ್ಲಿ ನೀರು ಕುಡಿದು ಸುಮ್ಮನಾಗಿತ್ತು. ಬಿಚ್ಚಿದಾಗ ಡ್ರೈವರ್ ಬೋರ್ಡಿನ, ಅಂದರೆ ಎಲ್ಇಡಿಗೆ ಹೋಗುವ ಕರೆಂಟನ್ನು ಹತೋಟಿಯಲ್ಲಿಡುವ ಸರ್ಕ್ಯೂಟಿನ ಮೇಲೆಲ್ಲ ಹಸಿರು ಕಿಲುಬು. ಬಾಡಿ ಮಾತ್ರ ಗಟ್ಟಿಮುಟ್ಟಾಗಿತ್ತು. ಒಳಗಿನದೆಲ್ಲ ಕಿತ್ತು ಹೊಸದಾಗಿ ಕಟ್ಟೋಣ ಅನಿಸಿತು.

ಪ್ಯಾಕ್ ಸುತ್ತಿದ ನೀಲಿ ಪ್ಲಾಸ್ಟಿಕ್ ಸೀಳಿದಾಗ ಒಳಗೆ ನಾಲ್ಕು 18650 ಸೆಲ್‌ಗಳು. ಈ ನಂಬರಿನಲ್ಲೇ ಅಳತೆ ಇದೆ: 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಒಂದೊಂದರ ಮೇಲೂ 9900 ಎಂಎಎಚ್ ಅಂತ ಅಚ್ಚು, ಅಂದರೆ ಸೆಲ್ ಹಿಡಿಯುವ ಚಾರ್ಜಿನ ಲೆಕ್ಕ. ಈ ಗಾತ್ರದಲ್ಲಿ ಒಳ್ಳೆಯ ಕಂಪನಿಯ ಸೆಲ್ ಕೂಡ ಸುಮಾರು 3500ರ ಹತ್ತಿರ ನಿಲ್ಲುತ್ತದೆ. ಹಾಗಾಗಿ ಆ ಅಚ್ಚಿನ ಮೇಲೆ ಸಮಯ ಕಳೆಯದೆ ಅಡುಗೆಮನೆಯ ಡಿಜಿಟಲ್ ತೂಕದ ಮೇಲಿಟ್ಟೆ. ಅಸಲಿ ಸೆಲ್ 45ರಿಂದ 50 ಗ್ರಾಂ ತೂಗುತ್ತದೆ. ಇವು ಮೂವತ್ತು ಚಿಲ್ಲರೆ. ಲೈಟಿನ ಡಬ್ಬಿಯ ಮೇಲಿನ ಲೂಮೆನ್ ಲೆಕ್ಕವೂ ಇದೇ ಮನೆತನದ್ದು ಅಂತ ಬೇರೆ ಹೇಳಬೇಕಿಲ್ಲ, ಅಲ್ವಾ?

ಲೂಮೆನ್ ಅಸಲಿಯೇ ಇದ್ದರೂ ಅದು ಪೂರ್ತಿ ಕಥೆ ಹೇಳೋದಿಲ್ಲ. ಲೂಮೆನ್ ಅಂದರೆ ಲೈಟಿನಿಂದ ಎಲ್ಲ ದಿಕ್ಕಿಗೂ ಹೊರಬೀಳುವ ಒಟ್ಟು ಬೆಳಕು. ಅದು ರಸ್ತೆಗೆ ಬಿತ್ತೋ, ಬೇವಿನ ಮರಕ್ಕೆ ಬಿತ್ತೋ, ಎದುರಿನವನ ಕಣ್ಣಿಗೆ ಬಿತ್ತೋ, ಅದಕ್ಕೆ ಸಂಬಂಧ ಇಲ್ಲ. ಒಂದು ಜಾಗದ ಮೇಲೆ ಎಷ್ಟು ಬೆಳಕು ಬಿತ್ತು ಅನ್ನೋದನ್ನು ಲಕ್ಸ್ ಹೇಳುತ್ತದೆ. ದೂರ ಎರಡರಷ್ಟಾದರೆ ಲಕ್ಸ್ ಕಾಲು ಭಾಗಕ್ಕೆ ಇಳಿಯುತ್ತದೆ. 10 ಮೀಟರಿನಲ್ಲಿ 20 ಲಕ್ಸ್ ಇದ್ದರೆ 20 ಮೀಟರಿನಲ್ಲಿ ಐದೇ. ಹುಣ್ಣಿಮೆಯ ಬೆಳದಿಂಗಳು ಕಾಲು ಲಕ್ಸ್ ಆಸುಪಾಸು. ಹೀಗಾಗಿ ಐದು ಲಕ್ಸ್ ಅಂದರೂ ಕತ್ತಲಿಗೆ ಹೊಂದಿಕೊಂಡ ಕಣ್ಣಿಗೆ ಒಳ್ಳೆಯ ಬೆಳಕೇ.

ಜರ್ಮನಿಯವರು ಸೈಕಲ್ ಲೈಟನ್ನು ಮಾರೋದೇ ಲಕ್ಸ್ ಲೆಕ್ಕದಲ್ಲಿ. 10 ಮೀಟರ್ ದೂರದಲ್ಲಿ ಅಳೆದು ಹೇಳುತ್ತಾರೆ. ಅಲ್ಲಿನ ಎಸ್‌ಟಿವಿಝಡ್‌ಒ ನಿಯಮದ ಪ್ರಕಾರ ಸೈಕಲ್ಲಿನ ದೀಪವೂ ಕಾರಿನ ಲೋ ಬೀಮ್ ಥರ ಇರಬೇಕು. ಮೇಲಂಚು ಗೆರೆ ಹೊಡೆದಂತೆ ನಿಲ್ಲಬೇಕು, ಎದುರಿನವರ ಕಣ್ಣಿಗೆ ಹೊಡೆಯಬಾರದು. ಮುಂದಿನ ದೀಪ ಮಿಣಮಿಣ ಅನ್ನೋದಕ್ಕೂ ಅಲ್ಲಿ ಅನುಮತಿ ಇಲ್ಲ. ನಮ್ಮಲ್ಲಿ ಇಂಥ ದೀಪ ಹುಡುಕಿದರೆ ಮಾತ್ರ ಸಿಗುತ್ತದೆ. ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ದುಂಡನೆಯ ಬೆಳಕು, ಅಂದರೆ ಟಾರ್ಚಿಗೆ ಸೈಕಲ್ ಕ್ಲಾಂಪ್ ಹಾಕಿದ್ದು. ದುಂಡನೆಯ ಬೆಳಕಿನ ಮೇಲಿನರ್ಧ ಆಕಾಶಕ್ಕೆ ಹೋಗುತ್ತದೆ. ಕೆಳಗಿನರ್ಧದಲ್ಲೂ ನಡುವಿನ ಚುಕ್ಕೆ ಕಣ್ಣು ಕುಕ್ಕುತ್ತದೆ, ರಸ್ತೆಯ ಎಡ ಅಂಚು ಕಾಣೋದೇ ಇಲ್ಲ. ನನಗೆ ಬೇಕಾದದ್ದು ಆ ಎಡ ಅಂಚೇ.

ಎಷ್ಟು ದೂರ ಕಾಣಬೇಕು ಅನ್ನೋದನ್ನು ಮೊದಲೇ ಕಾಗದದ ಮೇಲೆ ಹಾಕಿದೆ. ಗಂಟೆಗೆ 25 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಸುಮಾರು 7 ಮೀಟರ್. ಗುಂಡಿ ಕಂಡು ಬ್ರೇಕಿಗೆ ಬೆರಳು ಹೋಗೋಕೆ ಒಂದು ಸೆಕೆಂಡ್ ಹಿಡಿಯಿರಿ, ಅಲ್ಲಿಗೆ 7 ಮೀಟರ್ ಹೋಯಿತು. ಒಣ ರಸ್ತೆಯಲ್ಲಿ ಚೆನ್ನಾಗಿ ಬ್ರೇಕ್ ಹಿಡಿದರೆ ಇನ್ನೊಂದು 5 ಮೀಟರ್. ಒಟ್ಟು 12. ಮಳೆಯಲ್ಲಿ ಬ್ರೇಕಿನ ಹಿಡಿತ ಅರ್ಧ ಅಂದುಕೊಂಡರೆ 17. ಇಷ್ಟಕ್ಕೆ 20 ಮೀಟರ್ ಚೆನ್ನಾಗಿ ಕಾಣುವ ಬೆಳಕು ಸಾಕು. ಆದರೆ ಖಿಂಡ್ ಇಳಿಜಾರಿನಲ್ಲಿ ಬಿಟ್ಟರೆ ಸೈಕಲ್ 40 ಮುಟ್ಟುತ್ತದೆ. ಆಗ ಒಣ ರಸ್ತೆಯಲ್ಲೇ 24 ಮೀಟರ್, ಮಳೆಯಲ್ಲಿ 36. ವೇಗ ಒಂದೂವರೆ ಪಟ್ಟಿಗಿಂತ ಚೂರು ಜಾಸ್ತಿಯಾದರೆ ನಿಲ್ಲುವ ದೂರ ಎರಡು ಪಟ್ಟು.

ಇನ್ನೊಂದು ಲೆಕ್ಕ ಲೈಟನ್ನು ಎಲ್ಲಿ ಕಟ್ಟಬೇಕು ಅನ್ನೋದು. ಇದರ ಬಗ್ಗೆ ಯಾರೂ ಜಾಸ್ತಿ ಮಾತಾಡೋದಿಲ್ಲ. ಎಲ್ಲರೂ ಹ್ಯಾಂಡಲ್ ಮೇಲೆ ಕಟ್ಟುತ್ತಾರೆ, ಕೆಲವರು ಹೆಲ್ಮೆಟ್ ಮೇಲೆ. ಗುಂಡಿ ನಮಗೆ ಗುಂಡಿ ಅಂತ ಗೊತ್ತಾಗೋದು ಅದರೊಳಗಿನ ನೆರಳಿನಿಂದ. 10 ಮೀಟರ್ ಮುಂದೆ 5 ಸೆಂಟಿಮೀಟರ್ ಆಳದ ಗುಂಡಿ ಇದೆ ಅಂತ ಇಟ್ಟುಕೊಳ್ಳಿ. ಲೈಟು ನೆಲದಿಂದ ಒಂದು ಮೀಟರ್ ಎತ್ತರದ ಹ್ಯಾಂಡಲ್ ಮೇಲಿದ್ದರೆ ಗುಂಡಿಯ ಈಚೆ ಅಂಚಿನ ನೆರಳು 50 ಸೆಂಟಿಮೀಟರ್ ಉದ್ದ ಬೀಳುತ್ತದೆ. ಆದರೆ ನಮ್ಮ ಕಣ್ಣು ಒಂದೂವರೆ ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ನೋಡಿದಾಗ ಆ ನೆರಳಿನ ಮೊದಲ 33 ಸೆಂಟಿಮೀಟರನ್ನು ಗುಂಡಿಯ ಅಂಚೇ ಮುಚ್ಚಿಬಿಡುತ್ತದೆ. ಕಾಣೋದು 17 ಸೆಂಟಿಮೀಟರಿನ ಕಪ್ಪು ಪಟ್ಟಿ. ಅದೇ ಲೈಟನ್ನು ಮುಂಚಕ್ರದ ಮೇಲಿನ ಫೋರ್ಕಿನ ಕೊರಳಿಗೆ, ಅಂದರೆ 70 ಸೆಂಟಿಮೀಟರ್ ಎತ್ತರಕ್ಕೆ ಇಳಿಸಿ. ನೆರಳು 71 ಸೆಂಟಿಮೀಟರ್ ಆಗುತ್ತದೆ, ಅದರಲ್ಲಿ ಕಾಣೋದು 38. ಲೈಟು ಅದೇ, ಬ್ಯಾಟರಿ ಅದೇ, ಗುಂಡಿಯ ಕಪ್ಪು ಎರಡು ಪಟ್ಟು. ಹೆಲ್ಮೆಟ್ ಮೇಲೆ ಕಟ್ಟಿದರೆ ಲೈಟು ಮತ್ತು ಕಣ್ಣು ಒಂದೇ ಎತ್ತರ, ನೆರಳು ಪೂರ್ತಿ ಮುಚ್ಚಿಹೋಗುತ್ತದೆ, ರಸ್ತೆ ಸಪಾಟಾಗಿ ಕಾಣುತ್ತದೆ. ಮಳೆಯಲ್ಲಂತೂ ಹೆಲ್ಮೆಟ್ ಲೈಟು ಕಣ್ಣಿನ ಮುಂದಿನ ಹನಿಗಳನ್ನೇ ಬೆಳಗುತ್ತಾ ಕೂರುತ್ತದೆ. ಪಂಕ್ಚರ್ ಹಾಕೋಕೆ ಅದು ಚೆನ್ನ, ರಸ್ತೆ ನೋಡೋಕಲ್ಲ.

ಅಲ್ಲಿಗೆ ತೀರ್ಮಾನ ಆಯಿತು. ಬೆಳಕು ಅಡ್ಡಕ್ಕೆ ಅಗಲ, ಎತ್ತರಕ್ಕೆ ಕಿರಿದು. ಜಾಗ ಫೋರ್ಕಿನ ಕೊರಳು. ಲೂಮೆನ್ 500ರೊಳಗೆ ಇದ್ದರೂ ಸರಿ.

ಬುಧವಾರ ಪೇಠ್‌ನ ತಪಕೀರ್ ಗಲ್ಲಿಗೆ ಹೋದರೆ ಸೆಲ್ ಹೋಲ್ಡರ್, ಸಿಲಿಕೋನ್ ವೈರು, ಹೀಟ್ ಶ್ರಿಂಕ್, ಫ್ಯೂಸು, ಸಣ್ಣ ಟಾಗಲ್ ಸ್ವಿಚ್ಚು ಎಲ್ಲ ಒಂದೇ ಸುತ್ತಿನಲ್ಲಿ ಸಿಗುತ್ತವೆ. ಶನಿವಾರ ಸಂಜೆ ಹೋಗಬೇಡಿ, ಸೈಕಲ್ ನಿಲ್ಲಿಸೋಕೂ ಜಾಗ ಇರೋದಿಲ್ಲ. ಎಲ್ಇಡಿ, ಲೆನ್ಸ್, ಡ್ರೈವರ್ ಚಿಪ್‌ಗಳನ್ನು ಆನ್‌ಲೈನ್‌ನಲ್ಲಿ ತರಿಸಿದೆ. ಎಲ್ಇಡಿ ಕ್ರೀ ಕಂಪನಿಯ ಎಕ್ಸ್‌ಎಂ-ಎಲ್2, ಸ್ಟಾರ್ ಬೋರ್ಡ್ ಅನ್ನುವ ತಾಮ್ರದ ಬಿಲ್ಲೆಯ ಮೇಲೆ ಕೂರಿಸಿದ್ದು. ನೀಲಿ ಮಿಶ್ರಿತ ಬಿಳಿ ಬಿಟ್ಟು 5000 ಕೆಲ್ವಿನ್ನಿನ ಮಾಮೂಲಿ ಬಿಳಿ ಆರಿಸಿದೆ. ಒದ್ದೆ ಡಾಂಬರು, ಕೆಂಪು ಮಣ್ಣು, ಸಗಣಿ ಇವು ಮೂರೂ ಬೇರೆ ಬೇರೆಯಾಗಿ ಕಾಣೋದು ನನ್ನ ಕಣ್ಣಿಗೆ ಇದರಲ್ಲೇ. ಲೆನ್ಸ್ ಮಾತ್ರ ವಿಶೇಷ: 20 ಮಿಲಿಮೀಟರಿನ ಎಲಿಪ್ಟಿಕಲ್ ಲೆನ್ಸ್, ಎತ್ತರಕ್ಕೆ 10 ಡಿಗ್ರಿ, ಅಡ್ಡಕ್ಕೆ 45 ಡಿಗ್ರಿ ಬೆಳಕು ಹರಡುವಂಥದ್ದು. ಅದರ ಮುಖದ ಮೇಲೆ ಸಣ್ಣ ಸಣ್ಣ ಗೀರುಗಳಿರುತ್ತವೆ. ಬೆಳಕು ಹಿಗ್ಗೋದು ಗೀರುಗಳ ಅಡ್ಡ ದಿಕ್ಕಿಗೆ. ಹಾಗಾಗಿ ಗೀರು ನೆಟ್ಟಗೆ ನಿಂತಿರಬೇಕು, ಆಗ ರಸ್ತೆಯ ಮೇಲೆ ಬೆಳಕು ಚಾಪೆ ಹಾಸಿದ ಹಾಗೆ ಬೀಳುತ್ತದೆ. ಇದರ ಬೆಲೆ ಒಂದು ಪ್ಲೇಟ್ ಮಿಸಳ್‌ಗಿಂತ ಕಡಿಮೆ, ಲೈಟಿನ ಅರ್ಧ ಗುಣ ಇದರಲ್ಲೇ ಇದೆ.

ಡ್ರೈವರ್‌ಗೆ ನಾಲ್ಕು ಎಎಂಸಿ7135 ಚಿಪ್. ಒಂದೊಂದೂ 350 ಮಿಲಿಆಂಪ್ ಅಷ್ಟೇ ಹರಿಯಲು ಬಿಡುತ್ತದೆ. ನಾಲ್ಕು ಸೇರಿದರೆ 1.4 ಆಂಪ್. ಬ್ಯಾಟರಿಯ ಹೆಚ್ಚುವರಿ ವೋಲ್ಟೇಜನ್ನು ಶಾಖ ಮಾಡಿ ಕಳೆಯೋದು ಇದರ ಗುಣ, ಅದೇ ದೋಷ ಕೂಡ. ಸೆಲ್ ಪೂರ್ತಿ ತುಂಬಿ 4.2 ವೋಲ್ಟ್ ಇದ್ದಾಗ, ಎಲ್ಇಡಿಗೆ ಬೇಕಾದ್ದು 3 ವೋಲ್ಟ್ ಚಿಲ್ಲರೆ, ಹಾಗಾಗಿ ಒಂದೂವರೆ ವ್ಯಾಟಿನಷ್ಟು ಚಿಪ್‌ಗಳಲ್ಲೇ ಹೋಗುತ್ತದೆ. ಸೆಲ್ ಇಳಿದಂತೆ ಆ ನಷ್ಟವೂ ಇಳಿಯುತ್ತದೆ. ಇದಕ್ಕಿಂತ ಚುರುಕಾದ ಸರ್ಕ್ಯೂಟುಗಳಿವೆ. ಆದರೆ ಇದು ಸೆಲ್ ಖಾಲಿಯಾಗುವಾಗ ಪಟ್ಟನೆ ಆರೋದಿಲ್ಲ, ನಿಧಾನಕ್ಕೆ ಮಂಕಾಗುತ್ತದೆ. ನಾಂದೆಯಾಚೆ ಕತ್ತಲಲ್ಲಿ ಈ ಒಂದು ಗುಣಕ್ಕೆ ಉಳಿದದ್ದೆಲ್ಲ ಮಾಫಿ.

ಎರಡು ಹಂತದ ಬೆಳಕು ಮಾಡೋಕೆ ಮೈಕ್ರೋಕಂಟ್ರೋಲರ್, ಅಂದರೆ ಪ್ರೋಗ್ರಾಂ ಬರೆದು ಹಾಕುವ ಚಿಪ್ ಏನೂ ಹಾಕಲಿಲ್ಲ. 7135ಕ್ಕೆ ಮೂರು ಕಾಲು: ನೆಲ (ಬ್ಯಾಟರಿಯ ಮೈನಸ್), ಔಟ್‌ಪುಟ್, ಮತ್ತೆ ಚಿಪ್ಪಿಗೆ ಜೀವ ಕೊಡುವ ವಿಡಿಡಿ. ಒಂದು ಚಿಪ್ಪಿನ ವಿಡಿಡಿಯನ್ನು ನೇರ ಬ್ಯಾಟರಿಯ ಪ್ಲಸ್‌ಗೆ ಕೊಟ್ಟೆ. ಉಳಿದ ಮೂರರ ವಿಡಿಡಿಯನ್ನು ಒಟ್ಟು ಸೇರಿಸಿ ಹ್ಯಾಂಡಲ್ ಹತ್ತಿರದ ಟಾಗಲ್ ಸ್ವಿಚ್ಚಿಗೆ ಒಯ್ದೆ. ಸ್ವಿಚ್ ಕೆಳಗಿದ್ದರೆ ಒಂದೇ ಚಿಪ್ ಕೆಲಸ ಮಾಡುತ್ತದೆ, 350 ಮಿಲಿಆಂಪ್. ಮೇಲೆತ್ತಿದರೆ ನಾಲ್ಕೂ. ಆ ಕಾಲಿನೊಳಗೆ ಹೋಗುವ ಕರೆಂಟು ತೀರಾ ಕಡಿಮೆ, ಮಿಲಿಆಂಪ್ ಕೂಡ ತುಂಬೋದಿಲ್ಲ. ಹಾಗಾಗಿ ಹ್ಯಾಂಡಲ್‌ವರೆಗೆ ಕೂದಲೆಳೆಯ ವೈರ್ ಸಾಕು, ಸ್ವಿಚ್ಚೂ ಸುಟ್ಟುಹೋಗೋದಿಲ್ಲ. ಇನ್ನೊಂದು ಲಾಭ: ಬೆಳಕು ಎರಡೂ ಹಂತದಲ್ಲಿ ಸ್ಥಿರ. ಅಗ್ಗದ ಲೈಟುಗಳು ಬೆಳಕು ಕಡಿಮೆ ಮಾಡೋದು ಎಲ್ಇಡಿಯನ್ನು ಬೇಗ ಬೇಗ ಆರಿಸಿ ಹೊತ್ತಿಸಿ. ಮಳೆಹನಿಗಳು ಆ ಬೆಳಕಿನಲ್ಲಿ ಚುಕ್ಕೆ ಚುಕ್ಕೆಯಾಗಿ ಜಿಗಿಯುತ್ತವೆ, ತಲೆನೋವು ಗ್ಯಾರಂಟಿ.

ಹಳೆಯ ರಿಫ್ಲೆಕ್ಟರ್ ತೆಗೆದಾಗ ಒಳಗೆ ಖಾಲಿ ಜಾಗ ಉಳಿಯಿತು. ಲೆನ್ಸ್ ಗಿಡ್ಡ, ರಿಫ್ಲೆಕ್ಟರ್ ಉದ್ದವಿತ್ತು. ಮುಂದಿನ ಗಾಜು ಬಿಗಿದಾಗ ಲೆನ್ಸನ್ನು ಒತ್ತಿ ಹಿಡಿಯೋಕೆ ನಡುವೆ ಒಂದು ಬಳೆ ಬೇಕು. ಭೋಸರಿಯಲ್ಲಿ ಲೇತ್ ಕೆಲಸ ಮಾಡುವ ಇಂಡಿ ಕಡೆಯ ಹುಡುಗ ಒಬ್ಬ ಪರಿಚಯ. ವರ್ನಿಯರ್ ಹಿಡಿದು ಬಾಡಿ ಅಳೆದವನು ನನ್ನ ಮುಖ ನೋಡಿದ. "ಅಣ್ಣಾರ, ಇದು ಸೈಕಲ್ಲಿಗೇನ್ರಿ, ಜೆಸಿಬಿಗೇನ್ರಿ?" ಕೇಳುತ್ತಲೇ ಅಲ್ಯೂಮಿನಿಯಂ ಸರಳಿನ ತುಂಡೊಂದನ್ನು ಲೇತಿನ ಚಕ್ಕಿಗೆ ಬಿಗಿದಿದ್ದ. ಬಳೆಯ ಒಳಮೈಯನ್ನು ಸ್ವಲ್ಪ ಓರೆಯಾಗಿ ಕೊರೆದುಕೊಟ್ಟ, ಅಡ್ಡಕ್ಕೆ ಹರಡುವ ಬೆಳಕಿಗೆ ತಡೆ ಆಗದ ಹಾಗೆ. ಅದು ನಾನು ಹೇಳಿದ್ದಲ್ಲ, ಅವನೇ ಯೋಚಿಸಿದ್ದು. ಫೋರ್ಕಿನ ಬ್ರೇಕ್ ಬೋಲ್ಟಿಗೆ ಸಿಗಿಸುವ ಎಲ್ ಆಕಾರದ ಪಟ್ಟಿಯನ್ನೂ ಅವನೇ ಬಗ್ಗಿಸಿ 6 ಮಿಲಿಮೀಟರ್ ತೂತು ಹಾಕಿದ.

ಜೋಡಿಸುವಾಗ ಎರಡು ವಿಷಯ ನೋಡಿಕೊಳ್ಳಬೇಕು. ಸ್ಟಾರ್ ಬೋರ್ಡಿನ ಕೆಳಗೆ ಥರ್ಮಲ್ ಪೇಸ್ಟ್ ತೆಳ್ಳಗೆ ಹಚ್ಚಿ. ಎರಡು ಲೋಹಗಳ ನಡುವಿನ ಸಣ್ಣ ಗೀರು ತುಂಬಿದರೆ ಸಾಕು, ದಪ್ಪಗೆ ಬಳಿದರೆ ಶಾಖ ಅಲ್ಲೇ ನಿಲ್ಲುತ್ತದೆ. ಎಲ್ಇಡಿ ತಿನ್ನುವ ನಾಲ್ಕು ವ್ಯಾಟಿನಲ್ಲಿ ಅರ್ಧಕ್ಕಿಂತ ಜಾಸ್ತಿ ಶಾಖವೇ ಆಗುತ್ತದೆ, ಅದು ಬಾಡಿಗೆ ದಾಟಲೇಬೇಕು. ಎರಡನೆಯದು ಅಂಟು. ಫೆವಿಕ್ವಿಕ್ ಥರದ ಅಂಟನ್ನು ಲೆನ್ಸಿನ ಹತ್ತಿರಕ್ಕೂ ತರಬೇಡಿ. ಅದರ ಆವಿ ಗಾಜಿನ ಮೇಲೆ ಬಿಳಿ ಪೊರೆಯಾಗಿ ಕೂರುತ್ತದೆ, ಒರೆಸಿದರೂ ಹೋಗೋದಿಲ್ಲ. ಸಿಲಿಕೋನ್ ಒಳ್ಳೆಯದು, ಆದರೆ ವಿನೆಗರ್ ವಾಸನೆ ಬರುವ ಸಿಲಿಕೋನ್ ಬೇಡ, ಅದು ತಾಮ್ರವನ್ನು ತಿನ್ನುತ್ತದೆ. ನ್ಯೂಟ್ರಲ್ ಅಂತ ಬರೆದದ್ದು ಕೇಳಿ ತನ್ನಿ.

ಬ್ಯಾಟರಿಗೆ ಒಳ್ಳೆಯ ಕಂಪನಿಯ ಎರಡು 3500ರ ಸೆಲ್ ಪ್ಯಾರಲಲ್ ಜೋಡಣೆ, ಅಂದರೆ ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್. 7000 ಎಂಎಎಚ್ ಆಯಿತು. ಪೂರ್ತಿ ಬೆಳಕಿಗೆ ಲೆಕ್ಕದಲ್ಲಿ ಐದು ಗಂಟೆ, ಸಣ್ಣ ಬೆಳಕಿಗೆ 20. ಪ್ಯಾರಲಲ್ ಮಾಡುವ ಮುಂಚೆ ಎರಡರ ವೋಲ್ಟೇಜೂ ಮೀಟರಿನಲ್ಲಿ ನೋಡಿ ಒಂದೇ ಇದೆ ಅಂತ ಖಾತ್ರಿ ಮಾಡಿಕೊಳ್ಳಬೇಕು. ಒಂದು ತುಂಬಿ ಇನ್ನೊಂದು ಖಾಲಿ ಇದ್ದರೆ ತುಂಬಿದ್ದು ಖಾಲಿಯದರೊಳಗೆ ಒಮ್ಮೆಲೇ ನುಗ್ಗುತ್ತದೆ, ವೈರು ಬಿಸಿಯಾಗುತ್ತದೆ. ಒಳಗೆ ರಕ್ಷಣೆಯ ಸರ್ಕ್ಯೂಟ್ ಇರುವ ಸೆಲ್ ತಗೊಂಡರೆ ಅದು 65 ಅಲ್ಲ, ಮೂರ್ನಾಲ್ಕು ಮಿಲಿಮೀಟರ್ ಜಾಸ್ತಿ ಉದ್ದ. ಹೋಲ್ಡರ್ ಕೊಳ್ಳುವಾಗ ಸೆಲ್ ಜೇಬಿನಲ್ಲಿ ಇಟ್ಟುಕೊಂಡೇ ಹೋಗಿ, ಆದರೆ ಪ್ಲಾಸ್ಟಿಕ್ ಡಬ್ಬಿಯಲ್ಲಿ. ಬರೀ ಸೆಲ್ ಕೀಲಿಕೈ ಜೊತೆ ಜೇಬಿನಲ್ಲಿ ಇದ್ದರೆ ಪ್ಯಾಂಟಿಗೆ ಬೆಂಕಿ. ಪ್ಲಸ್ ವೈರಿಗೆ 5 ಆಂಪ್ ಫ್ಯೂಸ್ ಹಾಕಿದೆ. ಹೋಲ್ಡರ್ ಇರೋದು ಫ್ರೇಮಿನ ತ್ರಿಕೋನದ ಚೀಲದಲ್ಲಿ. ಚಾರ್ಜ್ ಮಾಡೋಕೆ ಸೆಲ್ ಹೊರಗೆ ತೆಗೆದು ಬೇರೆ ಚಾರ್ಜರಿಗೆ ಹಾಕುತ್ತೇನೆ.

ಮೊದಲ ಪರೀಕ್ಷೆ ಸೊಸೈಟಿಯ ಪಾರ್ಕಿಂಗಿನಲ್ಲಿ, ಕಾಂಪೌಂಡ್ ಗೋಡೆಯಿಂದ ಐದು ಮೀಟರ್ ದೂರದಲ್ಲಿ ಸೈಕಲ್ ನಿಲ್ಲಿಸಿ. ಗೋಡೆಯ ಮೇಲೆ ಸೀಮೆಸುಣ್ಣದಿಂದ ಲೈಟಿನ ಎತ್ತರಕ್ಕೆ ಒಂದು ಗೆರೆ, ಅದಕ್ಕಿಂತ 15 ಸೆಂಟಿಮೀಟರ್ ಕೆಳಗೆ ಇನ್ನೊಂದು ಗೆರೆ. ಬೆಳಕಿನ ಮೇಲಂಚು ಕೆಳಗಿನ ಗೆರೆಗೆ ಕೂರಬೇಕು. ಐದು ಮೀಟರಿಗೆ 15 ಸೆಂಟಿಮೀಟರ್ ಇಳಿದರೆ ಮೀಟರಿಗೆ 3. ಎಪ್ಪತ್ತು ಸೆಂಟಿಮೀಟರ್ ಎತ್ತರದ ಲೈಟು 23 ಮೀಟರಿನಲ್ಲಿ ನೆಲ ಮುಟ್ಟುತ್ತದೆ. 25ರ ವೇಗಕ್ಕೆ ಇದು ಸರಿಹೋಗುತ್ತದೆ. ಲೈಟು ಹೊತ್ತಿಸಿಟ್ಟೇ ಲೆನ್ಸನ್ನು ತಿರುಗಿಸಿ, ಬೆಳಕಿನ ಪಟ್ಟಿ ಗೆರೆಗೆ ಸಮವಾದ ಮೇಲೆ ಗಾಜು ಬಿಗಿದೆ.

ನಮ್ಮ ವಾಚ್‌ಮನ್ ಕಲಬುರಗಿ ಕಡೆಯವರು. ಟೇಪ್ ಹಿಡಿದು ಗೋಡೆ ಹತ್ತಿರ ಕೂತಿದ್ದು ನೋಡಿ ಬಂದರು. "ಏನ್ರಿ ಸರ, ಗ್ವಾಡಿ ಅಳೀಲತ್ತೀರೇನ್ರಿ?" ಅವರನ್ನೇ ಕುರ್ಚಿ ಸಮೇತ ಎದುರು ಕೂರಿಸಿದೆ. ಕಾರು ಓಡಿಸುವವರ ಕಣ್ಣು ಹೆಚ್ಚು ಕಡಿಮೆ ಕುರ್ಚಿಯಲ್ಲಿ ಕೂತವರ ಎತ್ತರಕ್ಕೇ ಇರುತ್ತದೆ. ಹಳೆಯ ದುಂಡು ರಿಫ್ಲೆಕ್ಟರಿನ ಟಾರ್ಚ್ ಹಿಡಿದಾಗ ಕೈ ಅಡ್ಡ ಇಟ್ಟರು. ಹೊಸ ಲೈಟಿಗೆ ಕೈ ಅಡ್ಡ ಬರಲಿಲ್ಲ, ಆದರೆ "ಮ್ಯಾಲಿಂದ ಸ್ವಲ್ಪ ಚುಚ್ಚತದ್ರಿ" ಅಂದರು. ಬೆಳಕಿನ ಪಟ್ಟಿಗಿಂತ ಮೇಲಕ್ಕೆ ಚದುರಿದ ಬೆಳಕು ಅದು. ಒಂದು ಮಿಲಿಮೀಟರ್ ಅಲ್ಯೂಮಿನಿಯಂ ತಗಡಿನಿಂದ 5 ಸೆಂಟಿಮೀಟರ್ ಮುಂದಕ್ಕೆ ಚಾಚುವ ಟೋಪಿ ಕತ್ತರಿಸಿ, ಕೆಳಮೈಗೆ ಹೊಳಪಿಲ್ಲದ ಕಪ್ಪು ಬಣ್ಣ ಹೊಡೆದು ಕೂರಿಸಿದೆ. ಚುಚ್ಚೋದು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಲೆನ್ಸೇ 20 ಮಿಲಿಮೀಟರ್ ಅಗಲ ಇರುವಾಗ ಇಷ್ಟು ಹತ್ತಿರದ ಟೋಪಿಯಿಂದ ಮಸುಕು ಅಂಚು ಬರುತ್ತದೆಯೇ ಹೊರತು ಗೆರೆ ಹೊಡೆದಂಥ ಅಂಚು ಬರೋದಿಲ್ಲ. ಅದಕ್ಕೆ ಜರ್ಮನ್ ಲೈಟುಗಳ ಥರ ಲೆಕ್ಕ ಹಾಕಿ ಎರಕ ಹೊಯ್ದ ರಿಫ್ಲೆಕ್ಟರೇ ಬೇಕು. ಟೋಪಿಗಿಂತ ಜಾಸ್ತಿ ಕೆಲಸ ಮಾಡೋದು ಆ 15 ಸೆಂಟಿಮೀಟರ್ ಇಳಿಜಾರೇ. ಮೊಬೈಲಿನ ಲಕ್ಸ್ ಆ್ಯಪ್ 10 ಮೀಟರಿನಲ್ಲಿ ಹದಿನೈದರ ಆಸುಪಾಸು ತೋರಿಸಿತು. ಆ್ಯಪಿನ ಸಂಖ್ಯೆಯನ್ನು ದೇವರಾಣೆ ಅಂತ ನಂಬಬೇಡಿ. ಎರಡು ಲೈಟುಗಳನ್ನು ಹೋಲಿಸೋಕೆ ಮಾತ್ರ ಅದು ಸರಿ.

ನೀರಿನ ಪರೀಕ್ಷೆ ಬಚ್ಚಲುಮನೆಯಲ್ಲಿ. ತಣ್ಣಗಿರುವ ಲೈಟಿನ ಮೇಲೆ ನೀರು ಹೊಯ್ದರೆ ಏನೂ ಗೊತ್ತಾಗೋದಿಲ್ಲ. ಲೈಟು ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗಿ ಹೊರಗೆ ಹೋಗಿರುತ್ತದೆ. ಅದರ ಮೇಲೆ ಮಳೆ ಬಿದ್ದು ಒಮ್ಮೆಲೇ ತಣ್ಣಗಾದರೆ ಗಾಳಿ ಕುಗ್ಗಿ, ಸಿಕ್ಕ ಸಂದಿಯಿಂದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಹಾಗಾಗಿ ಚೆನ್ನಾಗಿ ಬಿಸಿಯಾಗುವ ತನಕ ಉರಿಸಿ ಆಮೇಲೆ ಶವರ್ ಕೆಳಗೆ ಹಿಡಿದೆ. ಗಾಜಿನ ಒಳಗೆ ಕೆಳಬದಿಗೆ ತೆಳ್ಳನೆಯ ಮಂಜು ಬಂತು. ಗಾಜಿನ ಸುತ್ತ ನೀರು ತಡೆಯುವ ರಬ್ಬರ್ ಬಳೆ, ಓ-ರಿಂಗಿನದೇ ಕೆಲಸ ಅನಿಸಿತ್ತು. ಬಿಚ್ಚಿ ನೋಡಿದರೆ ಓ-ರಿಂಗಿಗೆ ನೀರೇ ತಾಕಿರಲಿಲ್ಲ, ಹಿಂದೆ ವೈರ್ ಹೊಕ್ಕುವ ತೂತು ಒದ್ದೆಯಾಗಿತ್ತು. ನೀರು ವೈರನ್ನೇ ಹಿಡಿದುಕೊಂಡು ಒಳಗೆ ಬಂದಿತ್ತು. ತೂತಿಗೆ ಸಿಲಿಕೋನ್ ತುಂಬಿ, ಓ-ರಿಂಗಿಗೆ ಸಿಲಿಕೋನ್ ಗ್ರೀಸ್ ಸವರಿದೆ. ವೈರನ್ನು ಲೈಟಿಗೆ ಹೋಗುವ ಮುಂಚೆ ಒಮ್ಮೆ ಕೆಳಕ್ಕೆ ಇಳಿಸಿ ಮತ್ತೆ ಮೇಲಕ್ಕೆ ತಂದೆ. ಮಳೆ ನೀರು ಆ ಬಾಗಿನ ತಳದಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಮನೆಗೆ ಕೇಬಲ್ ಎಳೆಯುವವರು ಕಿಟಕಿಯ ಹತ್ತಿರ ಮಾಡೋದೂ ಇದನ್ನೇ. ಮುಂದಿನ ಶವರಿಗೆ ಗಾಜು ಸ್ವಚ್ಛ.

ರಸ್ತೆಯಲ್ಲಿ ಮೊದಲು ಗಮನಕ್ಕೆ ಬಂದದ್ದು ಎಡ ಅಂಚು. ಎದುರಿನಿಂದ ಹೈ ಬೀಮ್ ಹಾಕಿಕೊಂಡು ಕಾರು ಬಂದಾಗ ಅದರ ಕಡೆ ನೋಡದೆ ಎಡ ಅಂಚಿಗೆ ಕಣ್ಣು ನೆಡಬೇಕು, ಎಲ್ಲ ಡ್ರೈವರುಗಳೂ ಹೇಳುವ ಮಾತು. ಹಿಂದೆ ಅಲ್ಲಿ ನೆಡೋಕೆ ಏನೂ ಕಾಣುತ್ತಿರಲಿಲ್ಲ. ಈಗ ಕಾಂಕ್ರೀಟಿನ ಅಂಚು, ಅದರಾಚೆಯ ಹುಲ್ಲು, ಎರಡೂ ಕಾಣುತ್ತವೆ. ಸ್ಪೀಡ್ ಬ್ರೇಕರ್ ದೂರದಿಂದಲೇ ಕಪ್ಪು ಬೆನ್ನು ತೋರಿಸುತ್ತದೆ. ಕೆಳಗಿನ ಲೈಟಿನ ಒಂದು ತೊಂದರೆ ಅಂದರೆ ಚಕ್ರದ ನೆರಳು. ಮೂಗಿನ ಮುಂದೆ ಸ್ವಲ್ಪ ಜಾಗ ಕಪ್ಪಾಗೇ ಇರುತ್ತದೆ. ಸೈಕಲ್ ಅಲ್ಲಿಗೆ ತಲುಪುವ ಹೊತ್ತಿಗೆ ಏನೂ ಮಾಡೋಕಾಗೋದಿಲ್ಲ ಬಿಡಿ, ಹಾಗಾಗಿ ಅದರಿಂದ ನಷ್ಟವಿಲ್ಲ. ಹ್ಯಾಂಡಲ್ ಚೀಲ ಕಟ್ಟಿದರೂ ಬೆಳಕಿಗೆ ಅಡ್ಡ ಬರೋದಿಲ್ಲ, ಟಿಫಿನ್ ಡಬ್ಬಿ ಒಯ್ಯುವವರಿಗೆ ಇದು ದೊಡ್ಡ ಅನುಕೂಲ.

ಮಿಣುಕುವ ಲೈಟು ಹಾಕಿಕೊಂಡು ಕತ್ತಲ ರಸ್ತೆಗೆ ಬರುವವರನ್ನು ಕಂಡರೆ ನನಗೆ ಸಿಟ್ಟು. ಎಷ್ಟು ದೂರದಲ್ಲಿದ್ದಾರೆ ಅಂತ ಅಂದಾಜೇ ಸಿಗೋದಿಲ್ಲ, ಅವರಿಗೂ ರಸ್ತೆ ತುಂಡು ತುಂಡಾಗಿ ಕಾಣುತ್ತದೆ. 2017ರ ಏಪ್ರಿಲ್‌ನಿಂದ ನಮ್ಮಲ್ಲಿ ಹೊಸ ಬೈಕುಗಳ ಹೆಡ್‌ಲೈಟ್ ಯಾವಾಗಲೂ ಉರಿಯುವ ಹಾಗೆ ಬರುತ್ತವೆ. ಒಂಟಿ ಸ್ಥಿರ ದೀಪ ಕಂಡರೆ ಎದುರಿನವರು ಬೈಕು ಅಂದುಕೊಂಡು ಅಷ್ಟು ಜಾಗ ಬಿಡುತ್ತಾರೆ. ಸೈಕಲ್ ಅಂತ ಗೊತ್ತಾದರೆ ಬಿಡೋದಿಲ್ಲ.

ಕಟ್ಟುವ ಉಸಾಬರಿ ಬೇಡ, ಕೊಂಡುಬಿಡೋಣ ಅನ್ನುವವರು ಲೂಮೆನ್ ಕೇಳುವ ಮುಂಚೆ ಗೋಡೆಯ ಮೇಲೆ ಬಿದ್ದ ಬೆಳಕಿನ ಫೋಟೊ ಕೇಳಿ. ದುಂಡಗಿದ್ದರೆ ಮುಂದಿನದು ನೋಡಿ. ರೇವ್‌ಮೆನ್‌ನ ಪಿಆರ್ ಸರಣಿಯಲ್ಲಿ ಎರಡು ಲೆನ್ಸ್ ಇರುತ್ತವೆ, ಲೋ ಬೀಮಿಗೆ ಮೇಲಂಚು ಕತ್ತರಿಸಿದ್ದು. ದುಡ್ಡು, ತಾಳ್ಮೆ ಎರಡೂ ಇದ್ದರೆ ಚಕ್ರದ ನಡುವಿನ ಹಬ್ಬಿನೊಳಗೇ ಕರೆಂಟು ಹುಟ್ಟಿಸುವ ಹಬ್ ಡೈನಮೊ ಅತ್ಯುತ್ತಮ. 6 ವೋಲ್ಟ್, 3 ವ್ಯಾಟ್, ಚಾರ್ಜಿನ ಚಿಂತೆಯೇ ಇಲ್ಲ. ಅದರ ಜೊತೆಗೆ ಬುಷ್ ಉಂಡ್ ಮ್ಯುಲರ್ ಕಂಪನಿಯ ಐಕ್ಯೂ-ಎಕ್ಸ್ ಥರದ 100 ಲಕ್ಸ್ ಲೈಟು ಹಾಕಿದರೆ ಈ ಬರಹವೇ ಬೇಕಿಲ್ಲ. ಆದರೆ ಮುಂಚಕ್ರವನ್ನು ಹೊಸ ಹಬ್ಬಿಗೆ ಮತ್ತೆ ಕಡ್ಡಿ ಕಟ್ಟಿಸಬೇಕು, ಎರಡೂ ಸಾಮಾನು ಹೊರದೇಶದಿಂದ ಬರಬೇಕು. ಮಳೆಗಾಲಕ್ಕೆ ಐಪಿಎಕ್ಸ್4 ಅಂದರೆ ಎಲ್ಲ ಕಡೆಯಿಂದ ನೀರು ಸಿಡಿದರೂ ತಡೆಯುತ್ತದೆ ಅಂತ. ಐಪಿಎಕ್ಸ್6 ಜೋರು ಧಾರೆಗೆ. ಪುಣೆಯ ಜುಲೈಗೆ ನಾನಾದರೆ ಆರೇ ಕೇಳುತ್ತೇನೆ. ಸೆಲ್ ಬಿಚ್ಚಿ ಬದಲಿಸೋಕೆ ಬರುತ್ತದೋ ಇಲ್ಲವೋ ಅದನ್ನೂ ಕೇಳಿ. ಲೈಟಿನಲ್ಲಿ ಮೊದಲು ಮುದಿಯಾಗೋದು ಸೆಲ್ಲೇ.

ನನ್ನದರಲ್ಲಿ ಬಾಕಿ ಇರೋದು ಖಿಂಡ್ ಇಳಿಜಾರು. 23 ಮೀಟರಿನ ಬೆಳಕಿಗೆ 40ರ ವೇಗ ಹೊಂದೋದಿಲ್ಲ, ಸದ್ಯಕ್ಕೆ ಬ್ರೇಕ್ ಹಿಡಿದೇ ಇಳಿಯುತ್ತಿದ್ದೇನೆ. ಹ್ಯಾಂಡಲ್ ಮೇಲೆ ಕಿರಿದಾದ ಬೆಳಕಿನ ಇನ್ನೊಂದು ಸಣ್ಣ ಲೈಟು, ಒತ್ತಿ ಹಿಡಿದಾಗ ಮಾತ್ರ ಹೊತ್ತುವ ಬಟನ್ ಜೊತೆ, ಕಟ್ಟಬೇಕು ಅಂತಿದ್ದೇನೆ. ಎದುರು ಗಾಡಿ ಕಂಡ ಕೂಡಲೇ ಬೆರಳು ಎತ್ತಿದರೆ ಆಯಿತು. ಚಿಪ್ಪುಗಳು ಇನ್ನೂ ಡಬ್ಬಿಯಲ್ಲಿವೆ, ಲೆನ್ಸ್ ಬರಬೇಕು.